ಬಾಲ್ಕನಿಯ ಹಿಸಾಪ್: ಎಲೆ ಬೇರೆ, ಎಣ್ಣೆ ಬೇರೆ

ಮ್ಯೂನಿಕ್‌ನ ನಮ್ಮ ಬಾಲ್ಕನಿಯಲ್ಲಿ ತುಳಸಿ ಎರಡು ಸಲ ಚಳಿಗೆ ಒಣಗಿಹೋಯಿತು. ಆ ಕುಂಡಕ್ಕೆ ಬಂದಿದ್ದು ಹಿಸಾಪ್. ಇದೂ ತುಳಸಿ, ಪುದೀನ, ದೊಡ್ಡಪತ್ರೆಗಳ ಕುಟುಂಬದ್ದೇ. ದಕ್ಷಿಣ ಯುರೋಪಿನ ಒಣ ಗುಡ್ಡಗಳ ಗಿಡವಾದ್ದರಿಂದ ಬಿಸಿಲು ಜಾಸ್ತಿ ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಅಷ್ಟಾದರೆ ಹಿಮ ಬಿದ್ದರೂ ವಸಂತದಲ್ಲಿ ಮತ್ತೆ ಚಿಗುರುತ್ತದೆ.

ಜುಲೈನಲ್ಲಿ ನೀಲಿ ಹೂ ಬಿಡಲು ಶುರುವಾದಾಗ ತುದಿಗಳನ್ನು ಕತ್ತರಿಸಿ, ಸಣ್ಣ ಕಟ್ಟು ಕಟ್ಟಿ, ನೆರಳಲ್ಲಿ ನೇತುಹಾಕುತ್ತೇನೆ. ಪೂರ್ತಿ ಕತ್ತರಿಸಲು ಮನಸ್ಸು ಬರುವುದಿಲ್ಲ. ಅರ್ಧ ಜೇನುನೊಣಗಳಿಗೆ ಬಿಡುತ್ತೇನೆ.

ಇಲ್ಲಿನ ಹಳಬರು ಕೆಮ್ಮು, ಎದೆಕಫ, ಗಂಟಲುನೋವಿಗೆ ಇದರ ಚಹಾ ಕುಡಿಯುತ್ತಾ ಬಂದಿದ್ದಾರೆ. ನಾನು ಮಾಡುವುದೂ ಹಾಗೇ. ಒಂದು ಲೋಟ ಕುದಿನೀರಿಗೆ ಒಂದು ಚಮಚ ಒಣಗಿದ ಎಲೆ, ಹೂ ಹಾಕಿ ಹತ್ತು ನಿಮಿಷ ಮುಚ್ಚಿಡುತ್ತೇನೆ. ಮುಚ್ಚದಿದ್ದರೆ ಘಮವೆಲ್ಲ ಆವಿಯ ಜೊತೆ ಹೋಗಿಬಿಡುತ್ತದೆ. ಸೋಸಿದ ಮೇಲೆ ಸ್ವಲ್ಪ ಜೇನು, ಯಾಕೆಂದರೆ ಕಹಿ ಇದೆ. ದಿನಕ್ಕೆ ಎರಡು ಲೋಟ, ಅದೂ ಮೂರ್ನಾಲ್ಕು ದಿನ ಮಾತ್ರ. ನನ್ನ ಗಂಟಲಿಗೆ ಹಿತವಾಗುತ್ತದೆ. ಆದರೆ ಗುಣವಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಗಿಡಮೂಲಿಕೆಗಳನ್ನು ಪರಿಶೀಲಿಸಿದ ಜರ್ಮನಿಯ ಕಮಿಷನ್ ಇ ಸಮಿತಿ ಹಿಸಾಪ್‌ಗೆ ಒಪ್ಪಿಗೆ ಕೊಡಲಿಲ್ಲ.

ನಾನು ಎಡವುತ್ತಿದ್ದದ್ದು ಎಣ್ಣೆಯ ವಿಷಯದಲ್ಲಿ. ಆರು ವರ್ಷದ ಮಗನಿಗೆ ಕೆಮ್ಮು ಹಿಡಿದಿತ್ತು. ಪರಿಚಯದವರೊಬ್ಬರು ಹಿಸಾಪ್ ಎಣ್ಣೆಯ ಪುಟ್ಟ ಬಾಟಲಿ ಕೊಟ್ಟು, ಜೇನಿನಲ್ಲಿ ಎರಡು ಹನಿ ಹಾಕಿ ನೆಕ್ಕಿಸು ಅಂದರು. ಎಲೆ ಒಳ್ಳೆಯದಾದರೆ ಎಣ್ಣೆ ಇನ್ನೂ ಒಳ್ಳೆಯದು ಅಂತ ಸುಮ್ನೆ ನಂಬಿಬಿಟ್ಟೆ. ಚಮಚದಲ್ಲಿ ಜೇನು ತೆಗೆದೂ ಆಗಿತ್ತು. ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ ಬಾಟಲಿ ಮೂಸಿ, "ಇದು ಕರ್ಪೂರದ ವಾಸನೆ ಅಲ್ವಾ ಮಾರಾಯ್ತಿ? ಮಗುಗೆ ಕೊಡ್ಬೇಡ" ಅಂದಳು. ದೇವರ ಮುಂದಿನ ಕರ್ಪೂರ ತಿಂದ ಮಕ್ಕಳಿಗೆ ಫಿಟ್ಸ್ ಬರುವುದು ಅವಳಿಗೆ ಗೊತ್ತಿತ್ತು.

ಅಮ್ಮನ ಮೂಗು ಸರಿಯಾಗೇ ಹೇಳಿತ್ತು. ಈ ಎಣ್ಣೆಯಲ್ಲಿ ಪಿನೊಕ್ಯಾಂಫೋನ್ ಎಂಬ, ಕರ್ಪೂರಕ್ಕೆ ಹತ್ತಿರದ ವಸ್ತು ತುಂಬಾ ಇರುತ್ತದೆ. ಅದು ಮಿದುಳನ್ನು ಕೆರಳಿಸಿ ಫಿಟ್ಸ್ ತರಿಸಬಲ್ಲದು. ಹನಿಗಳ ಲೆಕ್ಕದಲ್ಲಿ ಕುಡಿದವರಿಗೂ ಫಿಟ್ಸ್ ಬಂದದ್ದನ್ನು ಫ್ರಾನ್ಸ್‌ನ ವೈದ್ಯರು 1981ರಲ್ಲೇ ವರದಿ ಮಾಡಿದ್ದಾರೆ. ಎಲೆಯಲ್ಲಿ ಎಣ್ಣೆಯ ಅಂಶ ನೂರಕ್ಕೆ ಒಂದರ ಆಸುಪಾಸು ಅಷ್ಟೇ. ಬಾಟಲಿಯಲ್ಲಿರುವುದು ಬರೀ ಅದೇ.

ಅಂದಿನಿಂದ ಎಣ್ಣೆಯನ್ನು ಮನೆಗೆ ಸೇರಿಸಿಲ್ಲ. ಬಸುರಿಯರಿಗೆ, ಫಿಟ್ಸ್ ಇರುವವರಿಗೆ, ಚಿಕ್ಕ ಮಕ್ಕಳಿಗೆ ಚಹಾ ಕೂಡ ಕೊಡುವುದಿಲ್ಲ. ಜ್ವರ, ಉಬ್ಬಸ, ಕಫದಲ್ಲಿ ರಕ್ತ ಕಂಡರೆ ಯಾರೇ ಆಗಲಿ ನೇರ ಡಾಕ್ಟರ ಹತ್ತಿರ ಹೋಗಬೇಕು. ಆವತ್ತು ಮಗ ಬರೀ ಜೇನು ನೆಕ್ಕಿ, ಬಿಸಿನೀರು ಕುಡಿದು ಅಜ್ಜಿಯ ಪಕ್ಕ ಮಲಗಿದ.