ಊರಿಂದ ಹೊತ್ತೊಯ್ದ ಲ್ಯಾಪ್‌ಟಾಪ್, ಗಡಿ ದಾಟಿ ಕೊಂಡ ಲ್ಯಾಪ್‌ಟಾಪ್

2022ರ ಅಕ್ಟೋಬರ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಓದಲು ಹಾಸನದಿಂದ ಜರ್ಮನಿಯ ಆಖೆನ್‌ಗೆ ಹೊರಟೆ. ಅದಕ್ಕೆ ಮೂರು ವಾರ ಮೊದಲು ಅಪ್ಪನ ಜೊತೆ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ, 78,000 ರೂಪಾಯಿ ಕೊಟ್ಟು ಹೊಸ ಲ್ಯಾಪ್‌ಟಾಪ್ ತಂದೆ. "ಅಲ್ಲಿ ಹೋಗಿ ಪರದಾಡೋದು ಬೇಡ, ಎಲ್ಲಾ ಇಲ್ಲಿಂದಲೇ ತಗೊಂಡು ಹೋಗು" ಅಂದಿದ್ದರು ಅಪ್ಪ. ಕುಕ್ಕರ್ ವಿಷಯದಲ್ಲಿ ಅವರ ಮಾತು ನೂರಕ್ಕೆ ನೂರು ಸರಿ. ಲ್ಯಾಪ್‌ಟಾಪ್ ವಿಷಯದಲ್ಲಿ ಇಬ್ಬರೂ ಎಡವಿದೆವು.

ಬಿ.ಇ. ಓದುವಾಗ ಬಳಸಿದ ಹಳೇ ಲ್ಯಾಪ್‌ಟಾಪ್ ಮನೆಯಲ್ಲೇ ಇತ್ತು. ನಿಧಾನ, ಆದರೆ ಕೆಲಸಕ್ಕೆ ಅಡ್ಡಿಯಿರಲಿಲ್ಲ. ಅದನ್ನು ತಂಗಿಗೆ ಕೊಟ್ಟುಬಿಟ್ಟೆ.

ಅಂಗಡಿಯಲ್ಲಿ ವಾರಂಟಿ ಬಗ್ಗೆ ಕೇಳದೆ ಇರಲಿಲ್ಲ. "ಇಂಟರ್‌ನ್ಯಾಷನಲ್ ಕಂಪನಿ ಸರ್, ಎಲ್ಲಿ ಬೇಕಾದ್ರೂ ಸರ್ವಿಸ್ ಸಿಗುತ್ತೆ" ಅಂದರು. ಮಾರ್ಚ್ ಹೊತ್ತಿಗೆ ಪರದೆಯ ತಿರುಗಣೆ ಸಡಿಲವಾಯಿತು. ಆಮೇಲೆ ಪರದೆಯ ಮೇಲೆ ಉದ್ದುದ್ದ ಗೆರೆ. ಆಖೆನ್‌ನ ಸರ್ವಿಸ್ ಸೆಂಟರ್‌ನವರು ಸೀರಿಯಲ್ ನಂಬರ್ ನೋಡಿ, ಇದು ಭಾರತದಲ್ಲಿ ಮಾರಿದ್ದು, ವಾರಂಟಿಯೂ ಅಲ್ಲಿಗಷ್ಟೇ ಅಂದರು. ರಿಪೇರಿಗೆ 260 ಯೂರೋ. ಅಂಗಡಿಯವರ ಮೇಲೆ ಸಿಟ್ಟು ಬಂತು ನಿಜ. ಆದರೆ ಡಬ್ಬದೊಳಗಿದ್ದ ವಾರಂಟಿ ಕಾರ್ಡನ್ನು ನಾನೂ ಬಿಡಿಸಿ ನೋಡಿರಲಿಲ್ಲ. ಕೆಲವು ಕಂಪನಿಗಳ ವಾರಂಟಿ ಎಲ್ಲಾ ದೇಶದಲ್ಲೂ ನಡೆಯುತ್ತದೆ, ಎಷ್ಟೋ ಮಾಡೆಲ್‌ಗಳದ್ದು ನಡೆಯುವುದಿಲ್ಲ. ಒಂದೇ ಕಂಪನಿಯಲ್ಲೂ ಮಾಡೆಲ್‌ನಿಂದ ಮಾಡೆಲ್‌ಗೆ ವ್ಯತ್ಯಾಸ ಇರಬಹುದು. ದುಡ್ಡು ಕೊಡುವ ಮೊದಲೇ ಕಾರ್ಡ್ ಓದಬೇಕು, ಅಷ್ಟೇ.

ಕರೆಂಟಿನ ಬಗ್ಗೆ ನಾನು ಸುಮ್ನೆ ತಲೆ ಕೆಡಿಸಿಕೊಂಡಿದ್ದೆ. ಅಲ್ಲೂ 230 ವೋಲ್ಟ್, 50 ಹರ್ಟ್ಸ್, ನಮ್ಮದೇ ಲೆಕ್ಕ. ಸಾಕೆಟ್ ಮಾತ್ರ ಬೇರೆ. ಗೋಡೆಯೊಳಗೆ ತಗ್ಗಾಗಿ, ದುಂಡಗೆ ಇರುತ್ತದೆ. ನಮ್ಮ ಮೂರು ಪಿನ್ನಿನ ಪ್ಲಗ್ ಅದರಲ್ಲಿ ಕೂರುವುದಿಲ್ಲ. ಏರ್‌ಪೋರ್ಟ್‌ನಲ್ಲಿ 900 ರೂಪಾಯಿಯ ಯೂನಿವರ್ಸಲ್ ಅಡಾಪ್ಟರ್ ಕೊಂಡೆ. ಚಾರ್ಜರಿನ ಭಾರಕ್ಕೆ ಅದು ದಿನಕ್ಕೆ ಹತ್ತು ಸಲ ಕೆಳಗೆ ಬೀಳುತ್ತಿತ್ತು. ಒಂದು ದಿನ ಸೀನಿಯರ್ ಒಬ್ಬರು ನೋಡಿ ನಕ್ಕರು. ಚಾರ್ಜರಿನ ಇಟ್ಟಿಗೆಯಂಥ ಡಬ್ಬಿಯಿಂದ ಗೋಡೆಗೆ ಹೋಗುವ ವೈರ್ ಬಿಚ್ಚಿಕೊಳ್ಳುತ್ತದಲ್ಲ, ಅದನ್ನಷ್ಟೇ ಬದಲಿಸಿದರೆ ಸಾಕಂತೆ. 6 ಯೂರೋಗೆ ಕೆಲಸ ಮುಗಿಯಿತು.

ಪ್ರಯಾಣದಲ್ಲಿ ಏನೂ ತೊಂದರೆಯಾಗಲಿಲ್ಲ. ಲ್ಯಾಪ್‌ಟಾಪ್ ಕೈಚೀಲದಲ್ಲಿತ್ತು. ಪವರ್ ಬ್ಯಾಂಕನ್ನೂ ಅಲ್ಲೇ ಇಡಬೇಕು, ಚೆಕ್-ಇನ್ ಸೂಟ್‌ಕೇಸಿಗೆ ಹಾಕುವಂತಿಲ್ಲ. ಹೊಸ ಲ್ಯಾಪ್‌ಟಾಪನ್ನು ಸೀಲ್ ಒಡೆಯದ ಡಬ್ಬದಲ್ಲೇ ಒಯ್ಯಬೇಡಿ. ಯುರೋಪಿಗೆ ವಿಮಾನದಲ್ಲಿ ತರುವ ಹೊಸ ಸರಕಿಗೆ 430 ಯೂರೋ ಮಿತಿ ಇದೆ, ಮೀರಿದರೆ ತೆರಿಗೆ. ನಾವೇ ಬಳಸುತ್ತಿರುವ ಸಾಮಾನಿಗೆ ಆ ತಕರಾರಿಲ್ಲ.

ಹಾಗಾದರೆ ಇಳಿದ ತಕ್ಷಣ ಅಲ್ಲೇ ಕೊಳ್ಳಬಹುದಿತ್ತಲ್ಲ ಅಂತ ಕೇಳಬಹುದು. ಆಗುತ್ತಿರಲಿಲ್ಲ. ವೀಸಾ ಬೇಕೆಂದರೆ ಒಂದು ವರ್ಷದ ಖರ್ಚಿನ ದುಡ್ಡನ್ನು ಬ್ಲಾಕ್ಡ್ ಅಕೌಂಟ್ ಅನ್ನುವ ಖಾತೆಯಲ್ಲಿ ಮೊದಲೇ ಕಟ್ಟಿಡಬೇಕು, ನಮ್ಮ ಕಾಲಕ್ಕೆ ಅದು 10,332 ಯೂರೋ ಇತ್ತು. ಆದರೆ ಕೈಗೆ ಬರುವುದು ತಿಂಗಳಿಗೆ 861 ಮಾತ್ರ. ಅದೂ ಅಲ್ಲಿ ವಿಳಾಸ ನೋಂದಾಯಿಸಿ, ಬ್ಯಾಂಕ್ ಖಾತೆ ತೆರೆದ ಮೇಲೆ. ರೂಮ್ ಬಾಡಿಗೆ, ಡಿಪಾಸಿಟ್, ಇನ್ಶೂರೆನ್ಸ್ ಕಟ್ಟುವಷ್ಟರಲ್ಲಿ ಜೇಬು ಖಾಲಿ. ಈ ಮೊದಲ ತಿಂಗಳುಗಳನ್ನು ದಾಟಿಸಲು ಒಂದು ಲ್ಯಾಪ್‌ಟಾಪ್ ಬೇಕೇ ಬೇಕು. ತಂಗಿಗೆ ಕೊಟ್ಟು ಬಂದ ಹಳೆಯದೇ ಇದಕ್ಕೆ ಸಾಕಾಗುತ್ತಿತ್ತು!

ಪರದೆ ಕೆಟ್ಟ ಮೇಲೆ ಇನ್ನೊಂದನ್ನು ಹುಡುಕಲು ಹೊರಟೆ. ಅಷ್ಟರಲ್ಲಿ ಲ್ಯಾಬ್‌ನಲ್ಲಿ ಹೀವಿ ಕೆಲಸ ಸಿಕ್ಕಿತ್ತು. ವಿದ್ಯಾರ್ಥಿ ಸಹಾಯಕರನ್ನು ಅಲ್ಲಿ ಹಾಗೇ ಕರೆಯುವುದು. ದುಡ್ಡಿನ ಚಿಂತೆ ಕಳೆಯಿತು, ಕೀಬೋರ್ಡಿನದು ಶುರುವಾಯಿತು.

ಜರ್ಮನ್ ಕೀಬೋರ್ಡಿನ ರುಚಿ ಮೊದಲ ವಾರವೇ ನೋಡಿದ್ದೆ. ಯೂನಿವರ್ಸಿಟಿಯ ಕಂಪ್ಯೂಟರ್ ರೂಮಿನಲ್ಲಿ ಮೂರು ಸಲ ಪಾಸ್‌ವರ್ಡ್ ಹಾಕಿದೆ, ಮೂರು ಸಲವೂ ತಪ್ಪು. ಕೈ ತನ್ನ ಪಾಡಿಗೆ ಒತ್ತುತ್ತಿತ್ತು, ಪರದೆಯಲ್ಲಿ ಬರೀ ಚುಕ್ಕಿ. ನನ್ನ ಪಾಸ್‌ವರ್ಡ್‌ನಲ್ಲಿ ವೈ ಇತ್ತು. ಆ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಅದಲುಬದಲು. ಅಕ್ಷರಗಳ ಮೇಲಿನ ಸಾಲಿನ ಮೊದಲ ಆರು ಕೀಲಿ ಸೇರಿಸಿ ಅದಕ್ಕೆ ಕ್ವರ್ಟ್ಜ್ (QWERTZ) ಅನ್ನುತ್ತಾರೆ. ಇದಕ್ಕೆ ವಾರದಲ್ಲಿ ಕೈ ಪಳಗುತ್ತದೆ. ಕೋಡ್ ಬರೆಯುವವರಿಗೆ ನಿಜವಾದ ಗೋಳು ಬ್ರಾಕೆಟ್‌ಗಳದ್ದು. ಚೌಕ ಬ್ರಾಕೆಟ್, ಹೂವಿನ ಬ್ರಾಕೆಟ್ ಎಲ್ಲಾ 7, 8, 9, 0 ಅಂಕಿಗಳ ಕೀಲಿಯಲ್ಲಿ ಅಡಗಿವೆ. ಬಲಗಡೆಯ ಆಲ್ಟ್ ಜಿಆರ್ ಹಿಡಿದುಕೊಂಡು ಒತ್ತಬೇಕು. ಸೆಟ್ಟಿಂಗ್‌ನಲ್ಲಿ ಇಂಗ್ಲಿಷ್‌ಗೆ ಬದಲಿಸಬಹುದು, ಆದರೆ ಆಗ ಕೀಲಿ ಮೇಲೆ ಕಾಣುವುದು ಒಂದು, ಪರದೆಯಲ್ಲಿ ಮೂಡುವುದು ಇನ್ನೊಂದು. ಆಖೆನ್‌ನ ಅಂಗಡಿಗಳಲ್ಲಿ ನಾನು ನೋಡಿದ್ದೆಲ್ಲ ಕ್ವರ್ಟ್ಜ್.

ಆಗ ಉಪಾಯ ಹೇಳಿದ್ದೂ ಅದೇ ಸೀನಿಯರ್. ಆಖೆನ್ ಇರುವುದು ಮೂರು ದೇಶ ಸೇರುವ ಮೂಲೆಯಲ್ಲಿ. ಊರಾಚೆ ವಾಲ್ಸರ್‌ಬರ್ಗ್ ಅನ್ನುವ 322 ಮೀಟರ್ ಗುಡ್ಡದ ಮೇಲೆ ಜರ್ಮನಿ, ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಗಡಿಗಳು ಸೇರುತ್ತವೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ನಮ್ಮ ಕ್ವರ್ಟಿ (QWERTY) ಕೀಬೋರ್ಡೇ. ಬೆಲ್ಜಿಯಂ ಕಡೆ ಕಾಲಿಟ್ಟರೆ ಅಜರ್ಟಿ (AZERTY), ಅದು ಇನ್ನೂ ವಿಚಿತ್ರ. ಗುಡ್ಡದ ಮೇಲೆ ನಿಂತು ನಾಲ್ಕು ಹೆಜ್ಜೆ ಹಾಕಿದರೆ ಮೂರು ಕೀಬೋರ್ಡ್!

ಒಂದು ಶನಿವಾರ ಟ್ರೇನ್ ಹತ್ತಿ ಹೇರ್ಲೆನ್‌ಗೆ ಹೋದೆ. ಗಡಿಯಲ್ಲಿ ಕಸ್ಟಮ್ಸ್ ಕಾಟ ಇಲ್ಲ. ತೆರಿಗೆ ಮಾತ್ರ ನೆದರ್‌ಲ್ಯಾಂಡ್ಸ್‌ನಲ್ಲಿ ತುಸು ಜಾಸ್ತಿ, ಶೇ. 21, ಜರ್ಮನಿಯಲ್ಲಿ ಶೇ. 19. ನಾನು ಕೊಂಡಿದ್ದು ಯಾವುದೋ ಆಫೀಸಿನಲ್ಲಿ ಮೂರು ವರ್ಷ ದುಡಿದು, ರಿಪೇರಿಯಾಗಿ ಮಾರಾಟಕ್ಕೆ ಬಂದಿದ್ದ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್. 430 ಯೂರೋ, ಒಂದು ವರ್ಷದ ಗ್ಯಾರಂಟಿ. ಹೊಚ್ಚ ಹೊಸದಾದರೆ ಯುರೋಪಿನ ಕಾನೂನಿನ ಪ್ರಕಾರ ಎರಡು ವರ್ಷ ಮಾರಿದವರದ್ದೇ ಹೊಣೆ. ಆನ್‌ಲೈನ್‌ನಲ್ಲಿ ಕೊಂಡರೆ 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು. ಎಸ್.ಪಿ. ರೋಡ್‌ನಲ್ಲಿ ಇದನ್ನೆಲ್ಲ ಕೇಳಿ ನೋಡಿ, ಮುಖ ನೋಡುತ್ತಾರೆ. ಆಮೇಲೆ ಥೀಸಿಸ್ ಪೂರ್ತಿ ಬರೆದದ್ದು ಆ ಥಿಂಕ್‌ಪ್ಯಾಡ್‌ನಲ್ಲೇ. ಯಂತ್ರದ ಭಾಗಗಳ ನಕ್ಷೆ ಬಿಡಿಸುವ ದೊಡ್ಡ ಕ್ಯಾಡ್ ಫೈಲ್‌ಗಳಿಗೆ ಲ್ಯಾಬ್‌ನ ಕಂಪ್ಯೂಟರ್ ಇತ್ತು. ಮೆಕ್ಯಾನಿಕಲ್ ಅಂತ ಬೆಂಗಳೂರಿನಲ್ಲಿ ಅಷ್ಟು ದುಡ್ಡು ಕೊಟ್ಟು ಗ್ರಾಫಿಕ್ಸ್ ಕಾರ್ಡ್ ಇರುವುದನ್ನೇ ತಂದದ್ದೂ ದಂಡವಾಯಿತು.

ಊರಿಗೆ ಬರುವಾಗ ಚಿಕ್ಕಪ್ಪನ ಬೇಡಿಕೆ ಇದ್ದದ್ದೇ. "ಫಾರಿನ್ನಿಂದ ಬರ್ತಿದ್ದೀಯ, ನನಗೊಂದು ಲ್ಯಾಪ್‌ಟಾಪ್ ತಾರಪ್ಪ, ಅಲ್ಲಿ ಕಮ್ಮಿ ಅಲ್ವಾ?" ಕಮ್ಮಿಯೇನೂ ಇಲ್ಲ. ಅಲ್ಲೇ ವಾಸ ಇರುವ ನಮ್ಮಂಥವರಿಗೆ ಪ್ರವಾಸಿಗರ ಹಾಗೆ ತೆರಿಗೆ ವಾಪಸ್ ಬರುವುದಿಲ್ಲ. 18 ತುಂಬಿದವರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಭಾರತಕ್ಕೆ ತರಬಹುದು. ಆ ಒಂದು ನನ್ನದೇ ಆಗಿತ್ತು. ಇದನ್ನೆಲ್ಲ ಬಿಡಿಸಿ ಹೇಳಿದರೂ ಅವರ ಮುಖ ಸಪ್ಪಗೇ ಇತ್ತು.

ಈ ವರ್ಷ ಅವರ ಮಗಳು ಹೊರಟಿದ್ದಾಳೆ. "ಅಣ್ಣ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" ಅಂತ ಫೋನ್ ಮಾಡಿದ್ದಳು. ಯಾವುದೂ ಬೇಡ, ಈಗಿರುವುದನ್ನೇ ತಗೊಂಡು ಹೋಗು, ಬ್ಯಾಟರಿ ಸತ್ತಿದ್ದರೆ ಇಲ್ಲೇ ಬದಲಿಸಿಕೋ ಅಂದೆ. ಆ 6 ಯೂರೋ ವೈರನ್ನು ಅವಳಿಗೇ ಕೊಟ್ಟಿದ್ದೇನೆ.