ಪಿಎಫ್ ಬಾಕಿ ವಸೂಲಿಗೆ ಕೂತದ್ದು: ಆರು ಭಾನುವಾರದ ತಾಲೀಮು

ಪ್ರಾರ್ಥನೆ ಮಾಡಿಕೊಂಡು ಕೂತರೆ ಗುತ್ತಿಗೆದಾರ ಪಿಎಫ್ (ಭವಿಷ್ಯ ನಿಧಿ) ಕಟ್ಟುತ್ತಾನಾ ಎಂದು ಬೇರೆ ಸಂಘಟನೆಯವರು ಕೇಳಿದ್ದರು. ಕಟ್ಟಿದ. ಸುಮಾರು 60 ಪೌರಕಾರ್ಮಿಕರದ್ದು, ಹದಿಮೂರೋ ಹದಿನಾಲ್ಕೋ ತಿಂಗಳ ಬಾಕಿ.

ಮೊದಲ ಧರಣಿ ಒಂದೂವರೆ ಗಂಟೆಗೇ ಮುರಿದುಬಿತ್ತು. ಕೊರಳಪಟ್ಟಿಗೆ ಕೈಹಾಕಿದವನನ್ನು ನಮ್ಮ ಹುಡುಗ ತಳ್ಳಿದ. ಅಲ್ಲಿಗೆ ಪಿಎಫ್ ಮಾತು ಹೋಗಿ ಕೇಸಿನ ಮಾತು ಬಂತು. ವಕೀಲರು, ಓಡಾಟ ಸೇರಿ 18 ಸಾವಿರದಷ್ಟು ಕೈಬಿಟ್ಟಿತು. ತಪ್ಪು ತಾಲೀಮಿಲ್ಲದೆ ಕೂರಿಸಿದ ನಮ್ಮದು.

ಆಮೇಲೆ ಹಿಡಿದದ್ದು ಅಮೆರಿಕದ ಕಪ್ಪುಜನರ ಹಕ್ಕಿನ ಹೋರಾಟದ ಪಾದ್ರಿ ಜೇಮ್ಸ್ ಲಾಸನ್ ದಾರಿ. ನಾಗಪುರದಲ್ಲಿ ಮೆಥಡಿಸ್ಟ್ ಮಿಷನರಿಯಾಗಿದ್ದು ಗಾಂಧಿ ಮಾರ್ಗ ಕಲಿತು ಹೋದವರು. ನ್ಯಾಶ್‌ವಿಲ್‌ನ ವಿದ್ಯಾರ್ಥಿಗಳನ್ನು ಬೈಗುಳಕ್ಕೂ ಹೊಡೆತಕ್ಕೂ ಒಗ್ಗಿಸಿಯೇ 1960ರ ಫೆಬ್ರವರಿಯಲ್ಲಿ ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕೌಂಟರುಗಳಲ್ಲಿ ಕೂರಿಸಿದರು. ಮೇ ತಿಂಗಳಿಗೆ ಕೌಂಟರು ಎಲ್ಲರಿಗೂ ತೆರೆದವು.

ನಾವು ಆರು ಭಾನುವಾರ, ಆರಾಧನೆ ಮುಗಿದ ಮೇಲೆ ಎರಡೆರಡು ಗಂಟೆ ಮಾಡಿದೆವು. ಎಂಟು ಜನ ಕೂರುವುದು, ನಾಲ್ವರು ಬೈಯುವುದು, ಎಳೆದಾಡುವುದು. ಹತ್ತು ನಿಮಿಷ ದಾಟಿಸಬೇಡಿ, ನಿಜವಾದ ಸಿಟ್ಟು ಏಳುತ್ತದೆ. ಜಾತಿ ಹಿಡಿದು ಬೈಯುವುದನ್ನು ಬಿಡುವಂತಿಲ್ಲ, ಬೀದಿಯಲ್ಲಿ ಮೊದಲು ಬರುವುದೇ ಅದು. ಆದರೆ ಕೂತವರ ಒಪ್ಪಿಗೆ ಕೇಳಿಯೇ ಮಾಡಬೇಕು. ತಾಲೀಮಿನಲ್ಲಿ ಹೊಡೆಯಲು ಕೈ ಎತ್ತಿದವರನ್ನು ಮನೆಗೆ ಕಳಿಸಬೇಡಿ, ನೀರಿಗೋ ವಿಡಿಯೋಗೋ ಹಾಕಿ. ಕುದಿಯುತ್ತಿರುವವರ ಮಣಿಕಟ್ಟನ್ನು ಪಕ್ಕದವರು ಹಿಡಿದು ತಗ್ಗಿದ ದನಿಯಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಶುರುಮಾಡಬೇಕು. ಕ್ರೈಸ್ತರಲ್ಲದವರು ಉಸಿರು ಎಣಿಸಿದರು, ಅದೂ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು. ಹಾಡಿಸಿ ನೋಡಿದೆವು, ಕೆಟ್ಟಿತು: ಹಾಡು ಏರಿದಷ್ಟೂ ಎದುರಿನವರ ಗಂಟಲೂ ಏರಿತು. ಮೌನಕ್ಕೆ ಅವರ ಬಳಿ ಉತ್ತರವಿರಲಿಲ್ಲ.

ನಿಜವಾದ ಧರಣಿಗೆ ಕೂರುವ ಹೊತ್ತು ಕಸದ ಪಾಳಿ ಮುಗಿದ ಮೇಲೆ, ಮಧ್ಯಾಹ್ನ ಎರಡೂವರೆಗೆ, ಇಪ್ಪತ್ತಿಪ್ಪತ್ತು ಜನರಂತೆ. ಕೂಲಿ ಮುರಿಯಲಿಲ್ಲ, ಊರವರೂ ಬೈಯಲಿಲ್ಲ. ಹನ್ನೊಂದು ದಿನಕ್ಕೆ ಅನ್ನ-ಸಾರು, ಶಾಮಿಯಾನ, ಜೆರಾಕ್ಸ್ ಎಲ್ಲ ಸೇರಿ 9 ಸಾವಿರ ದಾಟಲಿಲ್ಲ. ಮೊದಲ ಸಲ ಕಳೆದದ್ದರ ಅರ್ಧ!

ಕಾಗದವಿಲ್ಲದೆ ಕೂರಬೇಡಿ. ಸಂಬಳದ ಚೀಟಿಯಲ್ಲಿ 12% ಕಡಿತ ಇದೆ, ಯುಎಎನ್ (ಕಾರ್ಮಿಕರ ಪಿಎಫ್ ಖಾತೆ ಸಂಖ್ಯೆ) ಪಾಸ್‌ಬುಕ್ಕಿನಲ್ಲಿ ಆ ತಿಂಗಳು ಖಾಲಿ: ಎರಡನ್ನೂ ಅಕ್ಕಪಕ್ಕ ಇಟ್ಟು ಜೆರಾಕ್ಸ್ ಮಾಡಿಸಿ. ಗುತ್ತಿಗೆದಾರ ಬಿಲ್ಲಿಗೆ ಲಗತ್ತಿಸಿದ ಪಿಎಫ್ ಚಲನ್ (ಹಣ ಕಟ್ಟಿದ ರಸೀದಿ) ಆರ್‌ಟಿಐನಲ್ಲಿ, ಅಂದರೆ ಮಾಹಿತಿ ಹಕ್ಕಿನಡಿ ಕೇಳಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಎಲ್ಲ ಒಂದರಲ್ಲೇ ತುರುಕಿದ ನಮ್ಮ ಮೊದಲ ಅರ್ಜಿ ವಾಪಸ್ ಬಂತು. ಮೂರಾಗಿ ಒಡೆದೆವು, ತಲಾ 10 ರೂಪಾಯಿ.

ಅಧಿಕಾರಿಯನ್ನು ಗೇಟಿನವರೆಗೆ ಬರಮಾಡಿಕೊಂಡದ್ದು ಹೇಗೆ ಎಂಬುದನ್ನು ಬರೆಯುವುದಿಲ್ಲ. ಪಕ್ಕದ ಎರಡು ಊರುಗಳಲ್ಲಿ ಇನ್ನೂ ಬಾಕಿ ಬರಬೇಕಿದೆ.