ಮಗ್ಗದ ದೀಪಕ್ಕೆ 470 ಓಮ್ ಯಾಕೆ ಹಾಕಿದೆ

ಗುಳೇದಗುಡ್ಡದಲ್ಲಿ ಖಣ ನೇಯುವ ಕಾಕಾ ಒಬ್ಬರ ಕೈಮಗ್ಗಕ್ಕೆ ಎಲ್‌ಇಡಿ ದೀಪ ಮಾಡಿಕೊಟ್ಟೆ. ಮಗ್ಗದ ಕೋಣೆಯಲ್ಲಿ ಹಗಲಿನಲ್ಲೂ ಬೆಳಕು ಕಡಿಮೆ. ಕರೆಂಟ್ ಹೋದರೆ ಕೆಲಸವೇ ನಿಲ್ಲುತ್ತದೆ. ಮಾಳಿಗೆ ಮೇಲೆ ಸಣ್ಣ ಸೋಲಾರ್ ಪ್ಯಾನೆಲ್, ಕೆಳಗೆ 12 ವೋಲ್ಟಿನ ಬ್ಯಾಟರಿ ಮೊದಲೇ ಇದ್ದವು. "ಹಾಸಿನ ಎಳಿ ಕಂಡ್ರ ಸಾಕು ತಮ್ಮಾ" ಅಂದರು ಕಾಕಾ.

5 ಮಿಲಿಮೀಟರಿನ ಬಿಳಿ ಎಲ್‌ಇಡಿ ಸುಮಾರು 3.2 ವೋಲ್ಟ್ ಹಿಡಿದುಕೊಳ್ಳುತ್ತದೆ. ಅದರ ಮೇಲೆ ವೋಲ್ಟೇಜ್ ಸ್ವಲ್ಪ ಏರಿದರೂ ಕರೆಂಟ್ ಒಮ್ಮೆಲೇ ಜಾಸ್ತಿಯಾಗುತ್ತದೆ. 20 ಮಿಲಿಆಂಪ್ ದಾಟಿಸಬಾರದು. ತಾನಾಗಿ ಕರೆಂಟ್ ತಡೆಯುವ ಶಕ್ತಿ ಅದಕ್ಕಿಲ್ಲ, ಆ ಕೆಲಸ ರೆಸಿಸ್ಟರಿನದು.

ಲೆಕ್ಕ ಸುಲಭ. ಬ್ಯಾಟರಿಯ ವೋಲ್ಟಿನಿಂದ ಎಲ್‌ಇಡಿಗಳದ್ದನ್ನು ಕಳೆಯಿರಿ, ಉಳಿದದ್ದನ್ನು ರೆಸಿಸ್ಟರಿನ ಓಮ್‌ನಿಂದ, ಅಂದರೆ ಅದರ ತಡೆಯ ಅಳತೆಯಿಂದ ಭಾಗಿಸಿ. ಬರುವುದು ಆಂಪಿನಲ್ಲಿ ಕರೆಂಟ್, ಸಾವಿರದಿಂದ ಗುಣಿಸಿದರೆ ಮಿಲಿಆಂಪ್. ಮೂರು ಎಲ್‌ಇಡಿ ಸಾಲಾಗಿ ಜೋಡಿಸಿದರೆ 9.6 ವೋಲ್ಟ್ ಹೋಗಿ 2.4 ಉಳಿಯುತ್ತದೆ. 180 ಓಮ್ ಹಾಕಿದರೆ 13 ಮಿಲಿಆಂಪ್. ಕಾಗದದ ಮೇಲೆ ಚೆನ್ನಾಗೇ ಕಾಣುತ್ತದೆ, ಅಲ್ವಾ? ಆದರೆ 12 ವೋಲ್ಟಿನ ಬ್ಯಾಟರಿ ಯಾವಾಗಲೂ 12ರಲ್ಲೇ ಇರುವುದಿಲ್ಲ. ಬಿಸಿಲಿಗೆ ಚಾರ್ಜ್ ಆಗುವಾಗ 14.4ರವರೆಗೆ ಏರುತ್ತದೆ. ಆಗ ರೆಸಿಸ್ಟರಿನ ಪಾಲು 2.4ರಿಂದ 4.8, ಅಂದರೆ ನೇರ ಎರಡು ಪಟ್ಟು. ಕರೆಂಟೂ ಎರಡು ಪಟ್ಟಾಗಿ 27 ಮಿಲಿಆಂಪ್ ಹತ್ತಿರ ಹೋಗುತ್ತದೆ. ಬ್ಯಾಟರಿ 11ಕ್ಕೆ ಇಳಿದಾಗ ಅದೇ ಸಾಲಿನಲ್ಲಿ 8 ಕೂಡ ಇರುವುದಿಲ್ಲ.

ಅದಕ್ಕೇ ಎರಡೆರಡು ಎಲ್‌ಇಡಿ ಜೋಡಿಸಿ, ಪ್ರತಿ ಜೋಡಿಗೂ 470 ಓಮ್ ಹಾಕಿದೆ. ರೆಸಿಸ್ಟರಿನ ಮೈಮೇಲಿನ ಬಣ್ಣದ ಪಟ್ಟಿಗಳೇ ಅದರ ಓಮ್ ಹೇಳುತ್ತವೆ, ಇದು ಹಳದಿ, ನೇರಳೆ, ಕಂದು ಪಟ್ಟಿಯದು. 11 ವೋಲ್ಟಿಗೆ 10 ಮಿಲಿಆಂಪ್, 12ಕ್ಕೆ 12, 14.4ಕ್ಕೆ 17. ಎಲ್ಲಿಯೂ 20 ದಾಟಲಿಲ್ಲ. ಹೆಚ್ಚುಕಡಿಮೆ ಅರ್ಧ ವಿದ್ಯುತ್ತು ರೆಸಿಸ್ಟರಿನಲ್ಲೇ ಬಿಸಿಯಾಗಿ ಹೋಗುತ್ತದೆ, ನಿಜ. ಆದರೂ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ದಿನವಿಡೀ ಎಳೆ ನೋಡುವ ಕಣ್ಣಿಗೆ ಹೆಚ್ಚು ಏರಿಳಿಯದ ಬೆಳಕು ಬೇಕು. ಕಾಲು ವ್ಯಾಟಿನ ರೆಸಿಸ್ಟರ್ ಸಾಕು, ಅದರ ಮೇಲೆ ಬೀಳುವುದು 0.14 ವ್ಯಾಟ್ ಅಷ್ಟೇ.

ಎಲ್ಲ ಜೋಡಿಗೂ ಸೇರಿ ಒಂದೇ ರೆಸಿಸ್ಟರ್ ಹಾಕಿದ ದೀಪಗಳು ರಿಪೇರಿಗೆ ಬರುತ್ತಿರುತ್ತವೆ. ಒಂದೇ ಪೊಟ್ಟಣದ ಎಲ್‌ಇಡಿಗಳಲ್ಲೂ ವೋಲ್ಟೇಜ್ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಕಡಿಮೆ ಇರುವುದು ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ, ಬಿಸಿಯಾದಂತೆ ಇನ್ನೂ ಜಾಸ್ತಿ ಎಳೆಯುತ್ತದೆ. ಅದು ಸುಟ್ಟ ಮೇಲೆ ಅದರ ಪಾಲೂ ಉಳಿದವುಗಳ ಮೇಲೆ ಬೀಳುತ್ತದೆ. ನಾಲ್ಕಾಣೆ ಉಳಿಸಲು ಹೋಗಿ ಇಡೀ ದೀಪ ಕಳೆದುಕೊಳ್ಳಬೇಡಿ.

ಕರೆಂಟ್ ಅಳೆಯಲು ವೈರ್ ಬಿಚ್ಚಬೇಕಿಲ್ಲ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗಿಟ್ಟು ರೆಸಿಸ್ಟರಿನ ಎರಡು ಕಾಲಿಗೆ ಹಿಡಿಯಿರಿ. ನನಗೆ 5.6 ತೋರಿಸಿತು. 470ರಿಂದ ಭಾಗಿಸಿದರೆ 12 ಮಿಲಿಆಂಪ್. ಪ್ರತಿ ಜೋಡಿಯನ್ನೂ ಹೀಗೇ ನೋಡಿ, ಆಮೇಲೆ ದೀಪ ಕಟ್ಟಿದೆ.

ಸ್ವಿಚ್ಚಿನ ಪಕ್ಕ ಗುರುತಿಗೆ ಒಂದು ಕೆಂಪು ಎಲ್‌ಇಡಿ ಇಟ್ಟೆ. ಕೆಂಪಿಗೆ 2 ವೋಲ್ಟ್ ಸಾಕು, ಹಾಗಾಗಿ ರೆಸಿಸ್ಟರ್ ದೊಡ್ಡದೇ ಬೇಕು. 2.2 ಕಿಲೋ ಓಮ್ ಹಾಕಿದೆ, 4.5 ಮಿಲಿಆಂಪ್ ಬಂತು. ಕರೆಂಟ್ ಅರ್ಧಕ್ಕಿಳಿದರೂ ಕಣ್ಣಿಗೆ ಬೆಳಕು ಅರ್ಧವಾದಂತೆ ಕಾಣುವುದಿಲ್ಲ, ಗುರುತಿನ ದೀಪಕ್ಕೆ ಅಷ್ಟು ಧಾರಾಳವಾಯಿತು.